ನೀರಿನೊಳಗಿನ ಕೀಲು

ಚುಕ್ಕಾಣಿಯ ಕೀಲು ಸವೆದಿದೆಯೆಂದು ತಿಳಿದೂ ಅದಕ್ಕೆ ಹಗ್ಗ ಬಿಗಿದು ಜನರನ್ನು ಹತ್ತಿಸಿಕೊಳ್ಳುವ ನಾವಿಕನು ದೋಷಿಯೋ, ಅಲ್ಲವೋ? ಅವನು ಬಡವನು, ಹೊಸ ಕೀಲಿಗೆ ಹಣವಿಲ್ಲ, ಹಡಗು ನಿಂತರೆ ಮನೆಯ ಒಲೆ ಹತ್ತುವದಿಲ್ಲ. ನಿನ್ನೆ ದಡ ಸೇರಿದ್ದು ಇಂದೂ ಸೇರೀತೆಂದು ಅವನ ಎಣಿಕೆ. ಸಮುದ್ರವನ್ನು ಕಾಣದ ಕುಷ್ಟಗಿ, ಯಲಬುರ್ಗಾ ಸೀಮೆಯವರಾದ ನಮಗೆ ಈ ಪ್ರಶ್ನೆ ಯಾಕೆಂದು ಕೇಳಬೇಡಿರಿ; ಅದು ನಮ್ಮ ಬಾಗಲಿಗೂ ಬರುವಂಥದ್ದೇ.

ಆನೆಗೊಂದಿಯ ಬಳಿಯಲ್ಲಿ ತುಂಗಭದ್ರೆಯನ್ನು ದಾಟಿಸುವ ಹರಿಗೋಲನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ದೊಮಿಂಗೊ ಪಾಯೆಸನೆಂಬ ಪೋರ್ತುಗೀಸನು, ಇವು ಬುಟ್ಟಿಯ ಹಾಗೆ ದುಂಡಗಿದ್ದು, ಹೊರಗೆ ತೊಗಲು ಹೊದಿಸಲ್ಪಟ್ಟು, 15-20 ಜನರನ್ನು ಹೊತ್ತು ಸುತ್ತುತ್ತಲೇ ಸಾಗುತ್ತವೆಂದು ಬರೆದಿಟ್ಟನು. ಇದಕ್ಕೆ ಚುಕ್ಕಾಣಿಯಿಲ್ಲ, ಅಂಬಿಗನ ಕೈಯ ಹುಟ್ಟೇ ಚುಕ್ಕಾಣಿ. ಹುಟ್ಟು ಸೀಳಿದ್ದರೆ ಕೂತವರಿಗೆ ಕಾಣುವದು. ತಳ ಸೋರಿದರೆ ಕಾಲಿಗೆ ತಗಲುವದು. ಬೇಡವೆಂದವನು ಹತ್ತದೆ ನಿಲ್ಲಬಹುದು.

ಕರಾವಳಿಯ ಹಾಯಿ ಹಡಗಿನಲ್ಲಿ ಸಂಗತಿ ಬೇರೆ. ಮಂಗಳೂರಿನ ಹಳೇ ಬಂದರಿನ ಮಂಜಿಗಳು ಮೊದಲು ಹಾಯಿಯಿಂದಲೇ ನಡೆಯುತ್ತಿದ್ದವು. ಅಂಥ ಹಡಗಿನ ಚುಕ್ಕಾಣಿಯು ಹಿಂದಣ ಕಂಬಕ್ಕೆ ಬಾಗಲಿನ ಕದದಂತೆ ತೂಗುವದು. ಅದರ ಕೀಲುಗಳು ಕಂಬದ ಬಳೆಗಳಲ್ಲಿ ಕೂತು ತಿರುಗುವವು. ಕೆಳಗಿನ ಕೀಲು ನೀರಿನೊಳಗೆ ಇರುವದು. ಉಪ್ಪು ನೀರು ಕಬ್ಬಿಣವನ್ನು ತಿನ್ನುವದು. ಕಬ್ಬಿಣಕ್ಕೆ ತಾಮ್ರ ತಗಲಿದ್ದರೆ ಇನ್ನೂ ಬೇಗ ತಿನ್ನುವದು. 1761ರಲ್ಲಿ ಇಂಗ್ಲಿಷರು ಅಲಾರ್ಮ್ ಎಂಬ ಯುದ್ಧದ ಹಡಗನ್ನು ಹುಳ ಕೊರೆಯದಂತೆ ತಾಮ್ರದ ತಗಡಿನಿಂದ ಮುಚ್ಚಿದರು. ಎರಡು ವರ್ಷಗಳಾದ ಮೇಲೆ ನೋಡಲಾಗಿ, ತಾಮ್ರ ತಗಲಿದ ಕಬ್ಬಿಣದ ಮೊಳೆಗಳು ಸವೆದುಹೋಗಿದ್ದವು. ನಡುವೆ ಕಾಗದ ಉಳಿದಿದ್ದ ಕಡೆಯಲ್ಲಿ ಮಾತ್ರ ಗಟ್ಟಿಯಾಗಿದ್ದವು. ಕಾಪಾಡಲಿಕ್ಕೆ ಹಾಕಿದ್ದೇ ಮರೆಯಲ್ಲಿ ಕೆಡಿಸಿತು.

ಆದಕಾರಣ ಬಲ್ಲ ಬಡಗಿಯು ಹಡಗನ್ನು ದಡಕ್ಕೆ ಎಳೆಯಿಸಿ ಚುಕ್ಕಾಣಿಯನ್ನು ಅಲ್ಲಾಡಿಸಿ ನೋಡುವನು. ಸಡಿಲವಾಗಿದ್ದರೆ ಕೀಲೊಂದನ್ನೇ ಬದಲಿಸುವದು ಸಾಲದು. ಸವೆದ ಬಳೆಯಲ್ಲಿ ಹೊಸ ಕೀಲೂ ಬಡಿದಾಡುವದು. ಎರಡನ್ನೂ ಒಂದೇ ಲೋಹದಲ್ಲಿ ಮಾಡಿಸಿ, ಸುತ್ತಲಿನ ಕೊಳೆತ ಮರವನ್ನು ಗಟ್ಟಿ ಮರ ಸಿಕ್ಕುವ ವರೆಗೆ ಕೆತ್ತಿ ತೆಗೆಯಬೇಕು. ಮೇಲೆ ಬಣ್ಣ ಬಳಿದರೆ ಪ್ರಯಾಣಿಕನ ಕಣ್ಣಿಗೆ ಸಾಕಾದೀತು, ತೆರೆಗೆ ಸಾಲದು.

ಹಾಗಾದರೆ ದುರಸ್ತಿಯೇ ಪಾಪವೋ? ಅಲ್ಲ. ಹಳೆಯದನ್ನು ಸರಿಮಾಡಿ ಬಳಸುವದು ಒಳ್ಳೇ ಗುಣ. ಬಡವನಿಗೆ ಅದು ಗುಣ ಮಾತ್ರವಲ್ಲ, ಬದುಕುವ ದಾರಿ. ನಡು ಸಮುದ್ರದಲ್ಲಿ ಚುಕ್ಕಾಣಿ ಮುರಿದಾಗ ಉದ್ದವಾದ ಹುಟ್ಟನ್ನು ಹಿಂದುಗಡೆ ಕಟ್ಟಿ ದಡ ಸೇರುವವನು ಮೆಚ್ಚತಕ್ಕವನೇ. ಆದರೆ ದಡ ಸೇರಿದ ಮೇಲೆ ಅದೇ ಕಟ್ಟಿನಿಂದ ಮತ್ತೆ ಜನರನ್ನು ಕರೆದೊಯ್ದು, ಆ ಸಂಗತಿಯನ್ನು ಬಚ್ಚಿಟ್ಟರೆ, ಅವನು ಉಳಿಸಿದ ಹಣವು ಯಾರದು? ಅಪಾಯವನ್ನು ಹೊತ್ತವರು ಪ್ರಯಾಣಿಕರು. ಲಾಭವನ್ನು ಕಟ್ಟಿಕೊಂಡವನು ಅವನು. ತನ್ನ ಊಟದಲ್ಲಿ ಕಡಿಮೆ ಮಾಡಿದರೆ ಮಿತವ್ಯಯ; ಪರರ ಪ್ರಾಣದಲ್ಲಿ ಕಡಿಮೆ ಮಾಡಿದರೆ ಕಳವು. ಸುಖವಾಗಿ ದಡ ಸೇರಿದರೂ ಅದು ಕಳವೇ. ಎಷ್ಟರ ಮಟ್ಟಿಗೆ ಒಂದು ವಸ್ತುವು ಪರರ ಕಣ್ಣಿಗೆ ಮರೆಯಾಗಿದೆಯೋ ಅಷ್ಟರ ಮಟ್ಟಿಗೆ ಅದರ ಒಡೆಯನು ಹೆಚ್ಚಾಗಿ ಉತ್ತರಕೊಡಬೇಕಾದವನು.

ಬಡ ನಾವಿಕನು ಏನು ಮಾಡಬೇಕು? ಮೊದಲು ನಿಜ ಹೇಳಬೇಕು. ನಿಜ ಕೇಳಿದ ನೆರೆಯವರೂ ಸುಮ್ಮನಿರಕೂಡದು. ದಿನಾಲು ಅವನ ಹಡಗಿನಿಂದ ಪ್ರಯೋಜನ ಹೊಂದುವವರು ಕೀಲಿನ ವೆಚ್ಚದಲ್ಲಿ ಪಾಲುಗೊಳ್ಳದೆ ಅವನನ್ನು ದೂರುವದು ನ್ಯಾಯವಲ್ಲ.

ಸಹೋದರರೇ, ಸಂತೆಗೆ ಜನರನ್ನು ಒಯ್ಯುವ ಬಂಡಿಯ ಕಡಾಣಿ, ಊರ ಬಾವಿಯ ಹಗ್ಗ, ಕೂಲಿಯವನು ಹತ್ತುವ ಏಣಿಯ ಮೆಟ್ಟಲು, ಇವೆಲ್ಲಾ ನೀರಿನೊಳಗಿನ ಕೀಲುಗಳೇ. ನಿಮ್ಮ ವಶದಲ್ಲಿರುವದನ್ನು ಈ ವಾರವೇ ಬಿಚ್ಚಿ ನೋಡಿರಿ. ಸವೆದಿದ್ದರೆ, ಅದರ ಮೇಲೆ ಭಾರ ಹಾಕುವವನಿಗೆ ಮೊದಲು ತಿಳಿಸಿರಿ.