ಶುಶ್ರೂಷೆಗೂ ಕಲಿಕೆ ಬೇಕು

ಮಾತಾಪಿತರ ಸೇವೆಯ ಕುರಿತು ನಾವು ಕೇಳಿರುವ ಪ್ರವಚನಗಳಿಗೆ ಲೆಕ್ಕವಿಲ್ಲ. ತಾಯಿಯ ಪಾದದಡಿಯಲ್ಲಿ ಸ್ವರ್ಗವಿದೆ ಎಂಬ ಮಾತನ್ನು ಮದ್ರಸದ ಒಂದನೇ ತರಗತಿಯ ಮಗುವೂ ಹೇಳುತ್ತದೆ. ಆದರೆ ಆ ತಾಯಿಯು ಪಾರ್ಶ್ವವಾಯುವಿಗೆ ತುತ್ತಾಗಿ ಹಾಸಿಗೆ ಹಿಡಿದ ದಿನ, ಆ ಪಾದಗಳನ್ನು ಹೇಗೆ ಎತ್ತಬೇಕು, ಆ ಹಿಮ್ಮಡಿಯ ಚರ್ಮ ಒಡೆಯದಂತೆ ಹೇಗೆ ಕಾಯಬೇಕು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಓದುಗರೇ, ಇದು ವೈದ್ಯರು ಮಾತ್ರ ಉತ್ತರಿಸಬೇಕಾದ ಪ್ರಶ್ನೆಯಲ್ಲ. ಹಾಸಿಗೆ ಹಿಡಿದ ತಂದೆ, ನೆನಪು ಕಳಕೊಂಡ ಅಜ್ಜಿ, ಮೂವತ್ತು ವರ್ಷ ತುಂಬಿದರೂ ತಾನೇ ಉಣ್ಣಲಾರದ ಮಗ, ಮನೋರೋಗಕ್ಕೆ ತುತ್ತಾದ ಸಹೋದರಿ ಇವರಲ್ಲಿ ಯಾರಾದರೊಬ್ಬರು ನಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಇದ್ದಾರೆ. ಅವರನ್ನು ನೋಡಿಕೊಳ್ಳುವವರಿಗೆ ಪ್ರೀತಿಯಿದ್ದರೆ ಸಾಕೇ? ಅಥವಾ ನೋಡಿಕೊಳ್ಳುವ ವಿಧಾನವನ್ನು ಕಲಿಯುವುದೂ ಅವರ ಹೊಣೆಯೇ?

ಉದ್ದೇಶ ಒಳ್ಳೆಯದಾಗಿದ್ದರೆ ಸಾಕೇ?

ಕರ್ಮಗಳ ಬೆಲೆ ನಿಯ್ಯತ್ತಿನಲ್ಲಿದೆ ಎಂಬ ಹದೀಸ್ ನಮಗೆಲ್ಲ ಚಿರಪರಿಚಿತ. ಆದರೆ ಅದರ ಜೊತೆಗೇ ಓದಬೇಕಾದ ಇನ್ನೊಂದು ಘಟನೆ ಅಬೂದಾವೂದ್‌ನಲ್ಲಿದೆ. ಒಂದು ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ಅನಂತರ ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಅವರು ಜೊತೆಗಾರರನ್ನು ಕೇಳಿದರು. ನೀರು ಸಿಗುತ್ತಿರುವಾಗ ಆ ರಿಯಾಯಿತಿ ಇಲ್ಲವೆಂದು ಅವರು ಹೇಳಿದರು. ಗಾಯಾಳು ಸ್ನಾನ ಮಾಡಿದರು ಮತ್ತು ಮೃತಪಟ್ಟರು. ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ) ಬಹಳ ಕಠಿಣವಾಗಿ ಮಾತನಾಡಿದರು. ಅವರನ್ನು ಕೊಂದವರು ಆ ಜೊತೆಗಾರರೇ ಎಂದರು. ತಿಳಿಯದಿದ್ದಾಗ ಕೇಳಬೇಕಿತ್ತು, ಅಜ್ಞಾನಕ್ಕೆ ಕೇಳುವುದೇ ಮದ್ದು ಎಂದರು.

ಆ ಜೊತೆಗಾರರಲ್ಲಿ ದ್ವೇಷವಿರಲಿಲ್ಲ. ಅವರು ತಮ್ಮ ಸಂಗಾತಿಯ ನಮಾಝ್ ಸರಿಯಾಗಲೆಂದೇ ಬಯಸಿದ್ದರು. ಆದರೂ ಒಳ್ಳೆಯ ಉದ್ದೇಶವು ಅವರನ್ನು ಆ ಆಕ್ಷೇಪದಿಂದ ಪಾರುಮಾಡಲಿಲ್ಲ. ದುರ್ಬಲನೊಬ್ಬನ ಶರೀರ ನಮ್ಮ ಮಾತಿನ ಮೇಲೆ, ನಮ್ಮ ಕೈಯ ಮೇಲೆ ನಿಂತಿರುವಾಗ, ತಿಳಿಯದಿರುವುದು ಒಂದು ನೆಪವಾಗಲಾರದು ಎಂಬುದೇ ಇದರ ಪಾಠ.

ಇದಕ್ಕೊಂದು ಕಾರಣವಿದೆ. ಆರೋಗ್ಯವಂತನಿಗೆ ನಾವು ನೋವು ಮಾಡಿದರೆ ಆತ ಕೂಗುತ್ತಾನೆ, ಕೈ ಕೊಡವಿ ಎದ್ದು ಹೋಗುತ್ತಾನೆ. ಹಾಸಿಗೆಯಲ್ಲಿರುವವರು ಏನು ಮಾಡಿಯಾರು? ಮಾತು ನಿಂತವರು ಹೇಳಲಾರರು, ಮರೆವಿನವರು ನೆನಪಿಡಲಾರರು, ಉಳಿದವರು ಮಕ್ಕಳಿಗೆ ಹೊರೆಯಾದೆವೆಂಬ ಸಂಕೋಚದಿಂದ ಸುಮ್ಮನಿರುತ್ತಾರೆ. ನಮ್ಮ ತಪ್ಪನ್ನು ತಿದ್ದುವ ಶಕ್ತಿಯಿಲ್ಲದವರ ಮೇಲೆ ನಮಗೆ ಅಧಿಕಾರ ಸಿಕ್ಕಿದೆ. ಅಲ್ಲಿ ನಮ್ಮನ್ನು ತಿದ್ದುವುದು ನಾವು ಕಲಿತ ವಿದ್ಯೆ ಮಾತ್ರ.

ಪ್ರೀತಿಯಿಂದಲೇ ಆಗುವ ಕೇಡು

ಕೆಲವು ಉದಾಹರಣೆಗಳನ್ನು ನೋಡಿ. ಪಾರ್ಶ್ವವಾಯು ಬಡಿದವರನ್ನು ಕೂರಿಸಲು ನಾವು ತೋಳು ಹಿಡಿದು ಎಳೆಯುತ್ತೇವೆ. ಸ್ವಾಧೀನ ತಪ್ಪಿದ ತೋಳಿನ ಸ್ನಾಯುಗಳು ಸಡಿಲವಾಗಿರುವುದರಿಂದ ಭುಜದ ಕೀಲು ಜಾರುತ್ತದೆ. ಅವರನ್ನು ಮೊದಲು ಮಗ್ಗುಲಿಗೆ ಹೊರಳಿಸಿ, ಬೆನ್ನಿಗೂ ಸೊಂಟಕ್ಕೂ ಆಧಾರ ಕೊಟ್ಟು ಎಬ್ಬಿಸಬೇಕು.

ಒಂದೇ ಭಂಗಿಯಲ್ಲಿ ಮಲಗಿದವರ ಬೆನ್ನಿನ ಕೆಳಭಾಗ, ಸೊಂಟದ ಎಲುಬು, ಹಿಮ್ಮಡಿ ಮುಂತಾದ ಕಡೆ ಭಾರ ಬಿದ್ದು ರಕ್ತಸಂಚಾರ ನಿಲ್ಲುತ್ತದೆ. ಚರ್ಮ ಸತ್ತು ಹುಣ್ಣಾಗುತ್ತದೆ. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಚರ್ಮವನ್ನು ಒಣಗಿಸಿಟ್ಟರೆ ಹೆಚ್ಚಿನ ಹುಣ್ಣುಗಳನ್ನು ತಡೆಯಬಹುದು. ಕೆಂಪಗೆ ಅಥವಾ ಕಪ್ಪಗೆ ತಿರುಗಿ, ಒತ್ತಿದರೂ ಬಣ್ಣ ಬದಲಾಗದ ಜಾಗವೇ ಮೊದಲ ಎಚ್ಚರಿಕೆ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕುವುದು ಪ್ರೀತಿಯ ಕೆಲಸವೆಂದು ತೋರುತ್ತದೆ. ವಾಸ್ತವದಲ್ಲಿ ಅದು ನೊಂದ ಚರ್ಮವನ್ನು ಇನ್ನಷ್ಟು ನೋಯಿಸುತ್ತದೆ.

ಇನ್ನೊಂದು ವಿಷಯವನ್ನು ಹೇಳಲು ತುಸು ಧೈರ್ಯ ಬೇಕು. ಪ್ರಜ್ಞೆ ಮಸುಕಾಗಿ ಮಲಗಿದವರ ಬಾಯಿಗೆ ಬಂಧುಗಳು ಒಬ್ಬೊಬ್ಬರಾಗಿ ಬಂದು ಚಮಚದಲ್ಲಿ ಝಂಝಂ ನೀರು, ಜೇನು, ಗಂಜಿ ಹಾಕುತ್ತಾರೆ. ನುಂಗುವ ಶಕ್ತಿ ಕುಂದಿದವರಲ್ಲಿ ಅದು ಅನ್ನನಾಳಕ್ಕೆ ಹೋಗದೆ ಶ್ವಾಸಕೋಶಕ್ಕೆ ಇಳಿಯಬಹುದು. ಅದರಿಂದ ನ್ಯುಮೋನಿಯಾ ಆಗಬಹುದು, ಉಸಿರೇ ಕಟ್ಟಬಹುದು. ಎಚ್ಚರವಿಲ್ಲದವರಿಗೆ ತುಟಿಯನ್ನೂ ನಾಲಗೆಯನ್ನೂ ಒದ್ದೆ ಹತ್ತಿಯಿಂದ ಸವರಿದರೆ ಸಾಕು. ಅದು ಝಂಝಂ ನೀರೇ ಆಗಿರಲಿ, ಅಡ್ಡಿಯಿಲ್ಲ. ಎಚ್ಚರವಿದ್ದವರನ್ನು ನೆಟ್ಟಗೆ ಕೂರಿಸಿ, ಗಲ್ಲವನ್ನು ತುಸು ಬಾಗಿಸಿ, ಸಣ್ಣ ಸಣ್ಣ ತುತ್ತು ಕೊಡಬೇಕು. ಒಂದನ್ನು ನುಂಗಿದ ಮೇಲೆಯೇ ಇನ್ನೊಂದು. ಊಟದ ನಂತರ ಅರ್ಧ ಗಂಟೆ ಮಲಗಿಸಬಾರದು. ಕುಡಿದ ಮೇಲೆ ಕೆಮ್ಮು ಬಂದರೆ, ಸ್ವರ ಗೊರಗೊರ ಎಂದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ನೆಟ್ಟಗಿದ್ದ ವೃದ್ಧರು ಒಂದೆರಡು ದಿನಗಳಲ್ಲೇ ಏನೇನೋ ಮಾತನಾಡತೊಡಗಿದರೆ ವಯಸ್ಸಾಯಿತೆಂದು ಕೈಬಿಡಬೇಡಿ, ಜಿನ್ನ್ ಬಾಧೆಯೆಂದು ಮಂತ್ರಿಸುವವರ ಬಳಿಗೆ ಓಡಬೇಡಿ. ಮೂತ್ರದ ಸೋಂಕು, ಸಕ್ಕರೆ ಅಂಶದ ಇಳಿತ, ಔಷಧಿಯ ಅಡ್ಡಪರಿಣಾಮ ಇಂಥವು ಕಾರಣವಾಗಿರಬಹುದು. ಇವುಗಳಿಗೆ ಚಿಕಿತ್ಸೆ ಇದೆ, ವಿಳಂಬ ಮಾತ್ರ ಅಪಾಯಕಾರಿ.

"ನಮ್ಮ ಅಜ್ಜಿಯಂದಿರು ಯಾವ ತರಬೇತಿ ಪಡೆದಿದ್ದರು?" ಎಂದು ನೀವು ಕೇಳಬಹುದು. ಅವರು ಕಲಿಯದೆ ಮಾಡಿದವರಲ್ಲ. ತುಂಬಿದ ಮನೆಯಲ್ಲಿ ಹಿರಿಯರು ಮಾಡುವುದನ್ನು ನೋಡಿ ನೋಡಿ ಕಲಿತವರು. ಇಂದು ಮಗ ಗಲ್ಫ್‌ನಲ್ಲಿ, ಮಗಳು ಗಂಡನ ಮನೆಯಲ್ಲಿ. ಮನೆಯಲ್ಲಿ ಉಳಿದಿರುವುದು ಇಬ್ಬರು ವೃದ್ಧರು ಮಾತ್ರ. ಅಂದು ಬದುಕುಳಿಯದಿದ್ದ ರೋಗಿಗಳು ಇಂದು ವರ್ಷಗಟ್ಟಲೆ ಬದುಕುತ್ತಾರೆ. ನೋಡಿ ಕಲಿಯುವ ಮನೆ ಇಲ್ಲವಾದಾಗ ಕೇಳಿ ಕಲಿಯಲೇಬೇಕು.

ಕೇಳುವ ಬಯಕೆಯೇ ಶುಶ್ರೂಷೆ

ಶುಶ್ರೂಷೆ ಎಂಬ ಪದವನ್ನು ನಾವು ದಿನವೂ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಕೇಳುವ ಬಯಕೆ ಎಂದು. ಸೇವೆ ಎಂಬ ಅರ್ಥ ಆ ಮೇಲೆ ಬಂದದ್ದು. ರೋಗಿಯ ಮಾತು ಕೇಳದವನು ಎಷ್ಟು ದುಡಿದರೂ ಶುಶ್ರೂಷೆ ಮಾಡಿದಂತಾಗದು.

ಪ್ರವಾದಿವರ್ಯರ(ಸ) ಅಂತಿಮ ಕಾಯಿಲೆಯ ಸಂದರ್ಭದಲ್ಲಿ ಮನೆಯವರು ಅವರ ಬಾಯಿಗೆ ಔಷಧಿ ಹಾಕಿದರು. ಬೇಡವೆಂದು ಅವರು ಸನ್ನೆ ಮಾಡಿದ್ದರು. ರೋಗಿಗಳಿಗೆ ಔಷಧಿ ಎಂದರೆ ಸಹಜವಾಗಿಯೇ ಬೇಸರ, ಅದಕ್ಕಾಗಿ ಬೇಡವೆನ್ನುತ್ತಿದ್ದಾರೆ ಎಂದು ಮನೆಯವರು ಭಾವಿಸಿದರು. ಚೇತರಿಸಿಕೊಂಡಾಗ ಅವರು(ಸ) ಅದನ್ನು ಆಕ್ಷೇಪಿಸಿದರು. ಮನೆಯಲ್ಲಿದ್ದವರೆಲ್ಲರ ಬಾಯಿಗೂ ಅದೇ ಔಷಧಿ ಹಾಕಿಸಿದರು, ಆ ಹೊತ್ತಿನಲ್ಲಿ ಅಲ್ಲಿರದಿದ್ದ ಹಝ್ರತ್ ಅಬ್ಬಾಸ್‌ರನ್ನು(ರ) ಮಾತ್ರ ಬಿಟ್ಟರು. ಬುಖಾರಿಯಲ್ಲಿರುವ ಈ ಘಟನೆಯನ್ನು ಒಮ್ಮೆ ಯೋಚಿಸಿ ನೋಡಿ. ಅಲ್ಲಿದ್ದವರಷ್ಟು ಅವರನ್ನು ಪ್ರೀತಿಸಿದವರು ಯಾರಿದ್ದಾರೆ? ಆದರೂ ರೋಗಿಯ 'ಬೇಡ' ಎಂಬುದನ್ನು ಪ್ರೀತಿಯ ಹೆಸರಿನಲ್ಲಿ ತಳ್ಳಿಹಾಕುವಂತಿಲ್ಲ ಎಂದು ಅವರಿಗೂ ಕಲಿಸಬೇಕಾಯಿತು.

ನೆನಪು ಕಳಕೊಂಡ ಉಮ್ಮ, ತೀರಿಕೊಂಡ ಗಂಡನನ್ನು "ಇನ್ನೂ ಬರಲಿಲ್ಲವೇ?" ಎಂದು ಕೇಳುತ್ತಾರೆ. ಅವರು ತೀರಿಹೋದರೆಂದು ಪ್ರತಿ ಸಲವೂ ಹೇಳಿದರೆ ಆಕೆ ಪ್ರತಿ ಸಲವೂ ಹೊಸದಾಗಿ ವಿಧವೆಯಾಗುತ್ತಾರೆ. ಈಗ ಬರುತ್ತಾರೆ ಎನ್ನುವುದು ಸುಳ್ಳಾಗುತ್ತದೆ. ಎರಡೂ ಬೇಕಾಗಿಲ್ಲ. "ಅವರ ನೆನಪಾಯಿತೇ ಉಮ್ಮ? ಅವರ ವಿಷಯ ಹೇಳಿ" ಎಂದು ಪಕ್ಕದಲ್ಲಿ ಕುಳಿತರೆ ಸತ್ಯವೂ ಉಳಿಯುತ್ತದೆ, ಆಕೆಯ ಮನಸ್ಸೂ ತಣಿಯುತ್ತದೆ. ಇದೂ ಕಲಿಯಬೇಕಾದ ವಿದ್ಯೆಯೇ.

ಮಾನ ಮತ್ತು ಸೊತ್ತು

ಒಳಬರುವ ಮುನ್ನ ಅನುಮತಿ ಕೇಳುವ ಶಿಷ್ಟಾಚಾರವನ್ನು ಪವಿತ್ರ ಕುರ್‌ಆನ್ ಸೂರಃ ಅನ್ನೂರ್‌ನಲ್ಲಿ ಮನೆಯ ಮಕ್ಕಳಿಗೂ ಕಲಿಸಿದೆ. ರೋಗಿ ಹಾಸಿಗೆಯಲ್ಲಿದ್ದಾರೆಂಬ ಮಾತ್ರಕ್ಕೆ ಅವರ ಮಾನ ಬಾಗಿಲ ಹೊರಗೆ ಉಳಿಯುವುದಿಲ್ಲ. ಬಟ್ಟೆ ಬದಲಿಸುವಾಗ ಬಾಗಿಲು ಮುಚ್ಚಿ, ತೊಳೆಯುವ ಭಾಗವನ್ನು ಮಾತ್ರ ತೆರೆದು ಉಳಿದುದನ್ನು ಹೊದಿಸಿ, ಏನು ಮಾಡುತ್ತಿದ್ದೇವೆಂದು ಮೊದಲೇ ಹೇಳಿ ಮುಟ್ಟಬೇಕು. ನೋಡಲು ಬಂದವರ ಮುಂದೆ ಅವರ ಮಲಮೂತ್ರದ ವರದಿ ಒಪ್ಪಿಸಬಾರದು.

ಅವರ ಸೊತ್ತಿನ ವಿಷಯವೂ ಹಾಗೆಯೇ. ವಿವೇಚನಾ ಶಕ್ತಿಯಿಲ್ಲದವರ ಸಂಪತ್ತನ್ನು ಅವರ ಕೈಗೆ ಬಿಡದೆ ಕಾಯಬೇಕೆಂದೂ, ಅದರಿಂದಲೇ ಅವರಿಗೆ ಅನ್ನ ಬಟ್ಟೆ ಒದಗಿಸಿ ಅವರೊಡನೆ ಒಳ್ಳೆಯ ಮಾತನಾಡಬೇಕೆಂದೂ ಸೂರಃ ಅನ್ನಿಸಾ ಆದೇಶಿಸುತ್ತದೆ. ರಕ್ಷಕನಾದವನು ಕಾವಲುಗಾರನೇ ಹೊರತು ಮಾಲೀಕನಲ್ಲ. ನಮ್ಮ ದೇಶದಲ್ಲಿ ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅಥವಾ ಬಹುವಿಧ ಅಂಗವೈಕಲ್ಯವಿರುವ ವಯಸ್ಕರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅವಕಾಶವಿದೆ. ತಮ್ಮ ನಂತರ ಮಗುವಿನ ಗತಿಯೇನೆಂದು ಚಿಂತಿಸುವ ತಂದೆತಾಯಿ ಇದನ್ನು ತಿಳಿದಿರಬೇಕು.

ಅರಿವಿಲ್ಲದ ಆರೈಕೆ ಎಲ್ಲಿಗೆ ತಲುಪಬಹುದು ಎಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿಯ ದರ್ಗಾದ ಸಮೀಪ ಮನೋರೋಗಿಗಳನ್ನಿಟ್ಟುಕೊಂಡಿದ್ದ ಒಂದು ಖಾಸಗಿ ಆಶ್ರಯಧಾಮಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಲ್ಪಟ್ಟಿದ್ದವರು ಓಡಲಾರದೆ ಹೋದರು. 28 ಮಂದಿ ಪ್ರಾಣ ಕಳಕೊಂಡರು. ಅವರಲ್ಲಿ ಎಷ್ಟೋ ಮಂದಿಯನ್ನು ಮನೆಯವರು ಗುಣವಾಗಲೆಂಬ ಆಸೆಯಿಂದಲೇ ಅಲ್ಲಿ ಬಿಟ್ಟುಬಂದಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮನೋರೋಗಿಗಳನ್ನು ಸರಪಳಿಯಿಂದ ಬಂಧಿಸುವುದನ್ನು ನಿಷೇಧಿಸಿದೆ. ಮನೆಯ ಹಿಂದಿನ ಕೋಣೆಗೆ ಹಾಕುವ ಬೀಗದ ಬಗ್ಗೆ ನಾವೇ ನಮ್ಮನ್ನು ಪ್ರಶ್ನಿಸಿಕೊಳ್ಳಬೇಕು.

ಈ ಕೆಲಸ ಯಾರದು?

ಸೇವೆಯ ಪುಣ್ಯದ ಬಗ್ಗೆ ಮಾತನಾಡುವವರು ಗಂಡಸರು, ಮಲ ತೊಳೆಯುವವರು ಸೊಸೆಯಂದಿರು. ಇದು ಕಹಿ, ಆದರೆ ಸತ್ಯ. ಹೆತ್ತವರ ಸೇವೆ ಮೊದಲನೆಯದಾಗಿ ಅವರ ಮಕ್ಕಳ ಹೊಣೆ. ಸೊಸೆ ಮಾಡುವುದು ಆಕೆಯ ಔದಾರ್ಯ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಬದ್ರ್ ಯುದ್ಧಕ್ಕೆ ಜನರು ಹೊರಟಾಗ ಹಝ್ರತ್ ಉಸ್ಮಾನ್(ರ) ಮದೀನಾದಲ್ಲೇ ಉಳಿದರು. ಕಾಯಿಲೆ ಬಿದ್ದ ಪತ್ನಿ ರುಖಿಯ್ಯಾರ(ರ) ಆರೈಕೆಗಾಗಿ ಪ್ರವಾದಿವರ್ಯರೇ(ಸ) ಅವರನ್ನು ಉಳಿಸಿದರು. ಬದ್ರ್‌ನಲ್ಲಿ ಪಾಲ್ಗೊಂಡವರ ಪ್ರತಿಫಲವೂ ಗನೀಮತ್ತಿನ ಪಾಲೂ ಅವರಿಗಿದೆ ಎಂದರು. ರೋಗಿಯ ಪಕ್ಕದಲ್ಲಿ ಕುಳಿತ ಗಂಡಸಿಗೆ ಸಿಕ್ಕಿದ ಈ ಗೌರವವನ್ನು ನಮ್ಮ ಯುವಕರಿಗೆ ಯಾರು ತಿಳಿಸುತ್ತಾರೆ?

ಆರೈಕೆ ಮಾಡುವವರೂ ಮನುಷ್ಯರು. ವಾರಕ್ಕೆ ಒಂದು ದಿನವಾದರೂ ಇನ್ನೊಬ್ಬರು ಆ ಹೊರೆ ಹೊತ್ತುಕೊಳ್ಳಬೇಕು. ರಾತ್ರಿ ನಿದ್ದೆಯಿಲ್ಲದ ಕೈ ಹಗಲು ಒರಟಾಗುತ್ತದೆ. ಹಣ ಕೊಟ್ಟು ಹೋಂ ನರ್ಸ್ ಇಟ್ಟುಕೊಂಡವರು ಆಕೆಯ ಸಂಬಳ, ಊಟ, ನಿದ್ದೆಗಳ ಹಕ್ಕನ್ನು ಮರೆಯಬಾರದು. ಆಕೆಗೆ ಕೆಲಸ ತಿಳಿದಿದೆಯೇ ಎಂದು ವಿಚಾರಿಸುವುದೂ ದುಬೈಯಿಂದ ಹಣ ಕಳಿಸುವ ಮಗನ ಕರ್ತವ್ಯ.

ಎಲ್ಲಿ ಕಲಿಯುವುದು?

ಮೊದಲ ಪಾಠಶಾಲೆ ಆಸ್ಪತ್ರೆಯೇ. ಬಿಡುಗಡೆಯ ದಿನ ಬಿಲ್ಲು ಕಟ್ಟಿ ಓಡಿಬರಬೇಡಿ. ಎಬ್ಬಿಸುವುದು, ಹೊರಳಿಸುವುದು, ಉಣಿಸುವುದು, ಮೂತ್ರದ ಚೀಲವನ್ನು ಸೊಂಟಕ್ಕಿಂತ ಕೆಳಗಿಡುವುದು ಇವನ್ನೆಲ್ಲ ದಾದಿಯರಿಂದ ಕೇಳಿ ಕಲಿಯಿರಿ. ಅವರ ಕಣ್ಣಮುಂದೆಯೇ ನೀವು ಒಮ್ಮೆ ಮಾಡಿ ತೋರಿಸಿ. ಔಷಧಿಗಳ ಹೆಸರು ಮತ್ತು ಹೊತ್ತನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಎರಡನೆಯದು ನಮ್ಮ ಮಸೀದಿಗಳು. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್‌ರಿಗೆ(ರ) ಮಸ್ಜಿದುನ್ನಬವಿಯಲ್ಲೇ ಡೇರೆ ಹಾಕಲಾಗಿತ್ತು. ಗಾಯಾಳುಗಳ ಆರೈಕೆ ಬಲ್ಲ ರುಫೈದಾ(ರ) ಎಂಬ ಮಹಿಳೆಯ ಹೆಸರು ಆ ಡೇರೆಯೊಂದಿಗೆ ಚರಿತ್ರೆಯಲ್ಲಿ ಉಳಿದಿದೆ. ನೆರೆಯ ಕೇರಳದ ಕೋಝಿಕ್ಕೋಡ್‌ನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕೆಲಸವು ಊರಿನ ಸಾಮಾನ್ಯ ಜನರಿಗೇ ತರಬೇತಿ ನೀಡಿ ಮನೆಮನೆಗೆ ತಲುಪಿತು. 2008ರಲ್ಲಿ ಕೇರಳ ಸರಕಾರ ಅದಕ್ಕಾಗಿ ನೀತಿಯನ್ನೇ ರೂಪಿಸಿತು. ನಮ್ಮ ಜಮಾಅತ್ ಕಮಿಟಿಗಳು ವರ್ಷಕ್ಕೆ ಎರಡು ದಿನ ಒಬ್ಬ ದಾದಿಯನ್ನೂ ಫಿಸಿಯೋಥೆರಪಿ ತಜ್ಞರನ್ನೂ ಕರೆದು, ಗಂಡಸರಿಗೂ ಹೆಂಗಸರಿಗೂ ತರಗತಿ ನಡೆಸಲು ಏನು ಅಡ್ಡಿ?

ಮದ್ರಸದಲ್ಲಿ ಒಂದು ಅಕ್ಷರದ ಉಚ್ಚಾರ ಸರಿಯಾಗಲೆಂದು ನಾವು ಮಗುವಿಗೆ ತಿಂಗಳುಗಟ್ಟಲೆ ಕಲಿಸುತ್ತೇವೆ. ಅಲ್ಲಾಹನ ವಚನದಲ್ಲಿ ತಪ್ಪಾಗಬಾರದೆಂಬ ಭಯ ನಮಗಿದೆ. ಅದು ಇರಲೇಬೇಕು. ಆದರೆ ಅಲ್ಲಾಹನು ಸೃಷ್ಟಿಸಿದ, ಎಂಬತ್ತು ವರ್ಷ ಸವೆದ ಒಂದು ಶರೀರವನ್ನು ಏನೂ ಕಲಿಯದ ಕೈಗಳಿಗೆ ಒಪ್ಪಿಸುವಾಗ ಆ ಭಯ ಎಲ್ಲಿ ಹೋಗುತ್ತದೆ?

ಹಿರಿಯರನ್ನು ತೊರೆದವರಿಗೆ ಶಿಕ್ಷೆ ಕೊಡಲು 2007ರ ಕಾಯ್ದೆ ಇದೆ. ತೊರೆಯದವರು ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳುವಂತಿಲ್ಲ. ನಡುರಾತ್ರಿ ಎದ್ದು ತಂದೆಯ ಮಗ್ಗುಲನ್ನು ಹೇಗೆ ಬದಲಿಸಬೇಕೆಂದು ಯಾವ ಕಾಯ್ದೆಯೂ ಕಲಿಸದು. ಅದನ್ನು ನಾವೇ ಕಲಿಯಬೇಕು. ಹೆತ್ತವರಿಗೆ ಛೀ ಎನ್ನಬಾರದೆಂದು ಕಲಿತ ನಾಲಗೆಯ ಜೊತೆಗೆ, ಅವರನ್ನು ನೋಯಿಸದೆ ಎತ್ತಲು ಕಲಿತ ಕೈಗಳನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.