ಒಂದರ ಸ್ಮರಣೆ, ಇನ್ನೊಂದರ ವಿಸ್ಮರಣೆ

ಕಾಲ ಕಳೆದಂತೆ ಎಲ್ಲವೂ ಮರೆತುಹೋಗುತ್ತದೆ ಎಂಬುದು ಲೋಕರೂಢಿಯ ಮಾತು. ಆದರೆ ಮರೆಸುವುದು ಕಾಲವೇ? ಅಮೆರಿಕದ ಮನಶ್ಶಾಸ್ತ್ರಜ್ಞ ಮೆಕ್‌ಗಿಯೋ ಅವರು ೧೯೩೨ರಲ್ಲಿ ಈ ಭಾವನೆಯನ್ನು ಪ್ರಶ್ನಿಸಿದರು. ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಕಾಲಕ್ರಮದಲ್ಲಿ; ಹಿಡಿಸುವುದು ಮಾತ್ರ ಕಾಲವಲ್ಲ, ಗಾಳಿಯ ಆಮ್ಲಜನಕ. ಹಾಗೆಯೇ ಒಂದು ನೆನಪನ್ನು ಮಸುಕಾಗಿಸುವುದು ಬಹುಮಟ್ಟಿಗೆ ಮತ್ತೊಂದು ನೆನಪು. ಹೊಸತು ಹಳೆಯದನ್ನು ಮುಚ್ಚುವುದು ನಮಗೆಲ್ಲ ತಿಳಿದದ್ದೇ. ಹಳೆಯದೂ ಹೊಸತನ್ನು ಕೆಡಿಸುತ್ತದೆಂಬುದು ಅಂಡರ್‌ವುಡ್ ಅವರ ೧೯೫೭ರ ಲೇಖನದಿಂದ ಸ್ಪಷ್ಟವಾಯಿತು. ಅಂತಹ ಪಟ್ಟಿಗಳನ್ನು ಹಿಂದೆ ಕಲಿಯದವರು ಒಂದು ದಿನದಲ್ಲಿ ಮರೆತದ್ದು ಸುಮಾರು ಶೇ. ೨೫, ಅನೇಕ ಪಟ್ಟಿಗಳನ್ನು ಕಲಿತಿದ್ದವರು ಮರೆತದ್ದು ಸುಮಾರು ಶೇ. ೭೫.

ಹೊರನಾಡಿನಲ್ಲಿರುವ ನಮಗೆ ಇದು ದಿನನಿತ್ಯದ ಅನುಭವ. ಪುಣೆಯಲ್ಲಿ ಬೆಳೆದ ಮಗು ಅಜ್ಜಿಯೆದುರು ‘ಎಪ್ಪತ್ತೈದು’ ಎನ್ನಲು ಹೋಗಿ ‘ಪಂಚ್ಯಾಹತ್ತರ’ ಎಂದುಬಿಡುತ್ತದೆ. ಅದನ್ನು ಅಸಡ್ಡೆಯೆಂದು ಗದರಿಸುವುದು ನ್ಯಾಯವಲ್ಲ. ಕನ್ನಡದ ಪದ ಅಳಿದಿಲ್ಲ. ಎರಡೂ ಒಮ್ಮೆಲೇ ಓಡಿಬಂದಾಗ ಬಳಕೆಯದು ಮುಂದಾಯಿತು, ಅಷ್ಟೆ.

ಹಾಗಾದರೆ ಮರೆವಿಗೆ ನಾವು ಹೊಣೆಗಾರರೇ ಅಲ್ಲವೇ? ಇಲ್ಲಿ ವಿಷಯ ಸೂಕ್ಷ್ಮವಾಗುತ್ತದೆ. ೧೯೯೪ರಲ್ಲಿ ಆಂಡರ್ಸನ್ ಹಾಗೂ ಬಿಯೋರ್ಕ್ ದಂಪತಿಗಳು ತೋರಿಸಿದಂತೆ, ಒಂದು ವರ್ಗದ ಕೆಲವು ಪದಗಳನ್ನಷ್ಟೇ ಮತ್ತೆ ಮತ್ತೆ ನೆನೆಯುತ್ತಿದ್ದರೆ, ಅದೇ ವರ್ಗದ ಉಳಿದ ಪದಗಳು, ಸಂಪೂರ್ಣವಾಗಿ ಕೈಬಿಟ್ಟ ಬೇರೆ ವರ್ಗದ ಪದಗಳಿಗಿಂತಲೂ ಹೆಚ್ಚು ಮರೆಯಾಗುತ್ತವೆ. ನೆನೆಯುವ ಕ್ರಿಯೆಯೇ ಮರೆಸುವ ಕ್ರಿಯೆಯೂ ಆಗುತ್ತದೆ.

ಪದಪಟ್ಟಿಯಿಂದ ಬಾಳಿಗೆ ಬರುವಾಗ ಎಚ್ಚರ ಬೇಕು, ನಿಜ. ಆದರೂ ಪದಗಳ ಸ್ಥಾನದಲ್ಲಿ ಒಡಹುಟ್ಟಿದವರನ್ನು ಇಟ್ಟು ನೋಡೋಣ. ಊರಿನ ಮನೆ ಪಾಲಾದ ದಿನ ಅಣ್ಣನಾಡಿದ ಒಂದು ಕಟುನುಡಿಯನ್ನು ನಾವು ಇಪ್ಪತ್ತು ವರ್ಷ ಬಂದವರೆದುರೆಲ್ಲ ಹೇಳುತ್ತ ಬರುತ್ತೇವೆ. ಅದೇ ಅಣ್ಣ ನಮ್ಮ ಉಪನಯನಕ್ಕೆ ಸಾಲ ತಂದದ್ದು, ಪರೀಕ್ಷೆಯ ಶುಲ್ಕ ಕಟ್ಟಿದ್ದು, ರೈಲು ಹತ್ತಿಸಿ ಬುತ್ತಿ ಕೈಗಿತ್ತದ್ದು ಹೇಳದೆ ಉಳಿದವು. ಪಕ್ಕದ ಮಾತನ್ನು ಹೇಳಿ ಹೇಳಿ ಇನ್ನಷ್ಟು ಹಿಂದೆ ಸರಿದವು. ಮರೆತದ್ದಕ್ಕೆ ಅಲ್ಲದಿದ್ದರೂ, ಆರಿಸಿ ನೆನೆದದ್ದಕ್ಕೆ ನಾವು ಉತ್ತರ ಹೇಳಬೇಕಾಗುತ್ತದೆ.

ನೈಯಾಯಿಕರು ಸ್ಮೃತಿಯನ್ನು ಪ್ರಮೆಯೆಂದು ಒಪ್ಪುವುದಿಲ್ಲ. ನಮ್ಮ ಸಿದ್ಧಾಂತದಲ್ಲಾದರೋ, ಶ್ರೀ ಜಯತೀರ್ಥರ ‘ಪ್ರಮಾಣಪದ್ಧತಿ’ಯಲ್ಲಿ ವಿವರಿಸಿರುವಂತೆ, ಯಥಾರ್ಥವಾದ ಸ್ಮೃತಿಗೂ ಪ್ರಾಮಾಣ್ಯವುಂಟು. ಅಣ್ಣನ ಕಟುನುಡಿಯ ನೆನಪು ಯಥಾರ್ಥವೇ. ಅವನು ಅದನ್ನು ಆಡಿದ್ದು ಸತ್ಯ. ಆದರೆ ‘ಅಣ್ಣ ಇಂಥವನು’ ಎಂಬ ನಮ್ಮ ತೀರ್ಮಾನ ಸ್ಮೃತಿಯಲ್ಲ, ಅನುಮಾನ. ಅದೂ ಬಾಧಕವಾದ ಸಾಕ್ಷ್ಯಗಳನ್ನು ನಾವೇ ಮರೆಗೆ ಸರಿಸಿ ಮಾಡಿದ ಅನುಮಾನ.

ಇನ್ನು ಮುಂಬಯಿಯಲ್ಲೋ ದೆಹಲಿಯಲ್ಲೋ ಹುಟ್ಟಿ ಬೆಳೆದ ನಮ್ಮ ಮಕ್ಕಳು ದೊಡ್ಡಪ್ಪನ ವಿಷಯವಾಗಿ ಕೇಳಿರುವುದು ಆ ಒಂದು ಮಾತನ್ನೇ. ಅದರೊಡನೆ ಸ್ಪರ್ಧಿಸಲು ಅವರಲ್ಲಿ ಬೇರೆ ನೆನಪೇ ಇಲ್ಲ.