ರಕ್ತವಾಹನದ ನೆಲೆ

ರಕ್ತ ಕೊಡುವವನ ಬಳಿಗೆ ವಾಹನವೇ ಹೋಗತಕ್ಕದ್ದೆಂದು ಒಪ್ಪಿದ ಮೇಲೆ, ಅದು ಎಲ್ಲಿಂದ ಹೊರಡಬೇಕೆಂಬ ಪ್ರಶ್ನೆಯು ಬರಿಯ ದಾರಿಯ ಲೆಕ್ಕವಾಗಿ ಉಳಿಯುವುದಿಲ್ಲ. ನಗರದಲ್ಲಿ ನೆಲೆಯಾದರೆ ಕಾಲೇಜು, ಕಾರ್ಖಾನೆಗಳು ಸಮೀಪ. ಒಂದೇ ದಿನದಲ್ಲಿ ಬಹಳ ಚೀಲಗಳು ತುಂಬುವುವು. ಹಳ್ಳಿಗೆ ಹೋದರೆ ಹೊತ್ತೆಲ್ಲ ದಾರಿಯಲ್ಲೇ ಕಳೆಯುವುದು. ಆದುದರಿಂದ ನಗರವೇ ಲೇಸೆಂದು ಲೆಕ್ಕಿಗನು ಹೇಳುವನು.

ಅವನ ಮಾತನ್ನು ತಳ್ಳಿಹಾಕಲಾಗದು. ಪ್ಲೇಟ್‌ಲೆಟ್ ಕಣಗಳನ್ನು ಬೇರ್ಪಡಿಸಬೇಕಾದರೆ ಸಾಮಾನ್ಯವಾಗಿ 6ರಿಂದ 8 ಗಂಟೆಗಳೊಳಗೆ ರಕ್ತವು ಪ್ರಯೋಗಶಾಲೆಯನ್ನು ಸೇರಬೇಕು. ದೂರದಿಂದ ತಂದು ಕೆಡಿಸಿದರೆ ಅದು ಕೊಟ್ಟವನಿಗೆ ಮಾಡಿದ ಅಪಚಾರವೇ ಸರಿ. ಕೆಂಪುಕಣಗಳ ಮಾತು ಬೇರೆ: ತಕ್ಕ ತಂಪಿನಲ್ಲಿಟ್ಟರೆ ಅವು 35 ದಿನ ಬಾಳುವುವು. ಹೆರಿಗೆಯಲ್ಲಿ ರಕ್ತಸ್ರಾವವಾಗುವ ತಾಯಿಗೆ ಮೊದಲು ಬೇಕಾದುದು ಇವೇ.

ಇನ್ನೊಂದು ಸಂಗತಿ. 1998ರ ಜನವರಿ 1ರಿಂದ ಭಾರತದಲ್ಲಿ ಹಣಕ್ಕಾಗಿ ರಕ್ತ ಕೊಡುವುದು ನಿಷಿದ್ಧ. ಮನಸಾರೆ ಕೊಡುವವರೇ ಗತಿ. ಅವರಾದರೂ ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಮಾತ್ರ ಕೊಡಬಹುದು. ನಗರದ ಅದೇ ಬಾಗಿಲುಗಳನ್ನು ಎಷ್ಟು ಸಲ ತಟ್ಟುವುದು? ಕೊಡಲು ಎಂದೂ ಕೇಳದೆ, ಬೇಡಲು ಮಾತ್ರ ಹಳ್ಳಿಗನನ್ನು ನಗರಕ್ಕೆ ಓಡಿಸುವುದು ದಾಸೋಹದ ಪಂಕ್ತಿಯಿಂದ ಅವನನ್ನು ಎಬ್ಬಿಸಿದಂತೆಯೇ.

ತಾಲ್ಲೂಕು ಪಟ್ಟಣದಲ್ಲಿ ನೆಲೆಯೂರಿದ ವಾಹನವು ಚೀಲಗಳನ್ನು ಕಡಿಮೆ ತಂದೀತು, ತರಲಿ. ಆದರೆ ಪರೀಕ್ಷೆಗೆಂದು ಜಿಲ್ಲಾಕೇಂದ್ರಕ್ಕೆ ಹೋದ ಚೀಲಗಳಲ್ಲಿ ಒಂದಿಷ್ಟು ಅದೇ ತಾಲ್ಲೂಕಿನ ಆಸ್ಪತ್ರೆಯ ಶೈತ್ಯಪೆಟ್ಟಿಗೆಗೆ ಮರಳಿ ಬರಬೇಕು.